ಹೊಸ ರೈಫಲ್ ಅಂದರೆ ಒಳ್ಳೆಯ ರೈಫಲ್ಲಾ?

ಹೋದ ಸಂಚಿಕೆಯಲ್ಲಿ ಅಮೆರಿಕದ ಭೂಸೇನೆ ತನ್ನ ಎಂ4 ರೈಫಲ್ ಬದಲಿಗೆ ಎಂ7 ಎಂಬ ಹೊಸದನ್ನು ತರುತ್ತಿರುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೊಸದು ಬಂತು ಅಂದ ಮಾತ್ರಕ್ಕೆ ಹಳೆಯದು ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ ಎಂದು ಕೊನೆಗೊಂದು ಮಾತು ಸೇರಿಸಿದ್ದೆ. ಆ ಒಂದು ಮಾತಿಗೇ ಇಷ್ಟೊಂದು ಪತ್ರ. ಕೆಲವರಿಗೆ ಸಿಟ್ಟು, ಕೆಲವರಿಗೆ ಕುತೂಹಲ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ವಿಮಾನ, ಫೋನು, ಕ್ಯಾಮೆರಾ ಎಲ್ಲ ಅರವತ್ತು ವರ್ಷದಲ್ಲಿ ಗುರುತೇ ಸಿಗದ ಹಾಗೆ ಬದಲಾಗಿವೆ. ಸೈನಿಕನ ಕೈಯಲ್ಲಿರುವ ರೈಫಲ್ ಮಾತ್ರ ಹೆಚ್ಚುಕಮ್ಮಿ ಹಾಗೇ ಇದೆ. ನಿಜವಾಗಿ ಏನಾದರೂ ಸುಧಾರಿಸಿದೆಯೋ, ಎಲ್ಲ ಕಂಪನಿಗಳ ಮಾರಾಟದ ಮಾತೋ?

ಸುಧಾರಿಸಿದೆ, ಆದರೆ ನೀವು ನೋಡುತ್ತಿರುವ ಜಾಗದಲ್ಲಿ ಅಲ್ಲ.

ರೈಫಲ್ಲಿನ ಚರಿತ್ರೆಯಲ್ಲಿ ದೊಡ್ಡ ಜಿಗಿತಗಳು ಬೆರಳೆಣಿಕೆಯಷ್ಟು. ಮೊದಲ ಮಹಾಯುದ್ಧದ ಹೊತ್ತಿಗೆ ಸೈನಿಕ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್, ಅಂದರೆ ಗುಂಡನ್ನು ಒಳಗೆ ಕೂರಿಸುವ ಅಗುಳಿ, ಎಳೆದು ತಳ್ಳಬೇಕಿತ್ತು. 1936ರಲ್ಲಿ ಅಮೆರಿಕ ಒಪ್ಪಿಕೊಂಡ ಎಂ1 ಗ್ಯಾರಂಡ್ ಆ ಕೆಲಸವನ್ನು ಗುಂಡಿನ ಹಿಂದೆ ಹುಟ್ಟುವ ಅನಿಲಕ್ಕೇ ಬಿಟ್ಟಿತು, ಟ್ರಿಗರ್ ಒತ್ತುತ್ತಾ ಹೋದರೆ ಎಂಟು ಗುಂಡು. ಆಮೇಲೆ ಜರ್ಮನಿಯ ಎಸ್‌ಟಿಜಿ 44. ಅದರಲ್ಲಿ ಕಾಡತೂಸನ್ನೇ, ಅಂದರೆ ಗುಂಡೂ ಮದ್ದೂ ಸೇರಿದ ಕೊಳವೆಯನ್ನೇ, ಗಿಡ್ಡ ಮಾಡಿದರು. ಪೂರ್ತಿ ಶಕ್ತಿಯ ಗುಂಡನ್ನು ಒಂದೇ ಸಮನೆ ಸುರಿಸಿದರೆ ಬಂದೂಕು ಕೈಯಲ್ಲಿ ನಿಲ್ಲುವುದಿಲ್ಲ, ಗುಂಡಿನ ಶಕ್ತಿ ಇಳಿಸಿದರೆ ನಿಲ್ಲುತ್ತದೆ. ಇದೇ ದಾರಿಯಲ್ಲಿ 1949ರಲ್ಲಿ ಸೋವಿಯತ್ ಸೇನೆ ಎಕೆ-47 ಒಪ್ಪಿಕೊಂಡಿತು. ಮೂರನೆಯದು 1960ರ ದಶಕದಲ್ಲಿ ಬಂದ ಎಂ16, ಸಣ್ಣ ಗುಂಡು ಮತ್ತು ಭಾರೀ ವೇಗ, ಜೊತೆಗೆ ಮರ ಮತ್ತು ಉಕ್ಕಿನ ಬದಲು ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್.

ಅಲ್ಲಿಗೆ ಯಂತ್ರದ ಕಥೆ ಹೆಚ್ಚುಕಮ್ಮಿ ಮುಗಿಯಿತು.

ನಂಬಿಕೆ ಬರಲಿಲ್ಲವೇ? ಈಗ ಎಲ್ಲರೂ ಹೊಗಳುವ ಜರ್ಮನಿಯ ಎಚ್‌ಕೆ416 ತೆಗೆದುಕೊಳ್ಳಿ. ನಾರ್ವೆ, ಫ್ರಾನ್ಸ್ ಸೇನೆಗಳು ಅದನ್ನೇ ಬಳಸುತ್ತವೆ, ಜರ್ಮನಿಯೂ ಆರಿಸಿಕೊಂಡಿದೆ. ಅದರ ಮೈ ಯೂಜೀನ್ ಸ್ಟೋನರ್ ವಿನ್ಯಾಸ ಮಾಡಿದ ಎಆರ್-15ರದ್ದು, ಅಂದರೆ ಎಂ16ರ ಮೂಲ ರೂಪದ್ದು. ಒಳಗಿನ ಪಿಸ್ಟನ್ ವ್ಯವಸ್ಥೆ (ಅನಿಲದ ಒತ್ತಡಕ್ಕೆ ಸರಿದು ಬೋಲ್ಟನ್ನು ಹಿಂದಕ್ಕೆ ತಳ್ಳುವ ದಂಡ) 1963ರ ಎಆರ್-18ರ ವಂಶದ್ದು. ಅಂದರೆ ಅರವತ್ತು ವರ್ಷದ ಹಿಂದಿನ ಎರಡು ಬಂದೂಕುಗಳನ್ನು ಸೇರಿಸಿ, ಒಳ್ಳೆಯ ಉಕ್ಕು ಹಾಕಿ, ಜರ್ಮನ್ ಶಿಸ್ತಿನಲ್ಲಿ ಮಾಡಿದ್ದು. ಪಾಪ, ಆ ಎಆರ್-18 ತಾನು ಮಾರುಕಟ್ಟೆಯಲ್ಲಿ ಸೋತಿತು. ಅದರ ಒಳಗಿನ ಕೆಲಸ ಮಾತ್ರ ಬ್ರಿಟನ್ನಿನ ಎಸ್‌ಎ80, ಜರ್ಮನಿಯ ಜಿ36, ಹೀಗೆ ಅರ್ಧ ಲೋಕದ ರೈಫಲ್ಲುಗಳಲ್ಲಿ ಇವತ್ತಿಗೂ ಬದುಕಿದೆ.

ಹೀಗಾಗಿ ಯಾರಾದರೂ "ಇದು ಹೊಸ ಪೀಳಿಗೆಯ ರೈಫಲ್" ಅಂದರೆ ನಾನು ಕೇಳುವುದು ಒಂದೇ: ಯಾವ ವಿಷಯದಲ್ಲಿ ಹೊಸದು? ತೂಕದಲ್ಲೋ, ಗುರಿಯಲ್ಲೋ, ಸಿಕ್ಕಿಹಾಕಿಕೊಳ್ಳದೆ ಓಡುವುದರಲ್ಲೋ, ಗುಂಡಿನ ಹೊಡೆತದಲ್ಲೋ? ಎಲ್ಲದರಲ್ಲೂ ಅಂತ ಉತ್ತರ ಬಂದರೆ ಎದುರಿಗಿರುವವರು ಮಾರಾಟ ವಿಭಾಗದವರು.

ಪ್ರಶ್ನೆ: ಮೊದಲು ದೊಡ್ಡ ಗುಂಡು, ಆಮೇಲೆ ಸಣ್ಣ ಗುಂಡು, ಈಗ ಮತ್ತೆ ದೊಡ್ಡದು. ಇದೇನು ಸುತ್ತಾಟ? ಸೇನೆಗಳಿಗೆ ತಾವೇನು ಮಾಡುತ್ತಿದ್ದೇವೆ ಅನ್ನುವುದು ಗೊತ್ತಿದೆಯಾ?

ಗೊತ್ತಿದೆ, ಆದರೆ ಪ್ರತಿ ಸಲ ಹಿಂದಿನ ಯುದ್ಧದ ಲೆಕ್ಕ ಹಿಡಿದು ಮುಂದಿನದಕ್ಕೆ ತಯಾರಾಗುತ್ತಾರೆ. ತೊಂದರೆ ಅಲ್ಲಿದೆ.

1952ರಲ್ಲಿ ಅಮೆರಿಕದ ಸೇನೆಗಾಗಿ ನಾರ್ಮನ್ ಹಿಚ್‌ಮನ್ ಎಂಬವರು ಒಂದು ವರದಿ ಬರೆದರು. ಯುದ್ಧದಲ್ಲಿ ಸೈನಿಕ ನಿಜವಾಗಿ ಎಷ್ಟು ದೂರಕ್ಕೆ ಗುಂಡು ಹಾರಿಸುತ್ತಾನೆ, ಎಷ್ಟು ದೂರದಲ್ಲಿ ತಾಗುತ್ತದೆ ಎಂಬುದರ ಲೆಕ್ಕ. ಬಂದ ಉತ್ತರ ಸೇನೆಯ ಹಿರಿಯರಿಗೆ ಸ್ವಲ್ಪವೂ ರುಚಿಸುವಂಥದ್ದಾಗಿರಲಿಲ್ಲ. 300 ಗಜ ದಾಟಿ ರೈಫಲ್ ಬಳಸುವುದೇ ಅಪರೂಪ, ತಾಗುವ ಗುಂಡುಗಳಲ್ಲಿ ಬಹುಪಾಲು ಅದಕ್ಕಿಂತ ತುಂಬ ಹತ್ತಿರದವು. ಹಾಗಿದ್ದರೆ 800 ಗಜ ದೂರಕ್ಕೆ ಕೊಲ್ಲುವ ಗುಂಡನ್ನು ಸೈನಿಕ ಯಾಕೆ ಹೊರಬೇಕು?

ಈಗ ತೂಕ ನೋಡಿ. ನೇಟೋ ಬಳಗದ ದೊಡ್ಡ ಕಾಡತೂಸು, ಅಂದರೆ 7.62 ಮಿ.ಮೀ. ಗುಂಡಿನದು, ಒಂದೊಂದು ಸುಮಾರು 24 ಗ್ರಾಂ. ಸಣ್ಣ 5.56ರದ್ದು ಸುಮಾರು 12 ಗ್ರಾಂ. ಎರಡೂವರೆ ಕಿಲೋ ಹೊರುವ ಸೈನಿಕನ ಹತ್ತಿರ ದೊಡ್ಡದಾದರೆ ನೂರು ಚಿಲ್ಲರೆ, ಸಣ್ಣದಾದರೆ ಇನ್ನೂರು ಚಿಲ್ಲರೆ. ಮೇಲಾಗಿ ಸಣ್ಣದು ಭುಜಕ್ಕೆ ಅಷ್ಟು ಒದೆಯುವುದಿಲ್ಲ, ಒಂದು ಗುಂಡು ಹಾರಿದ ಮೇಲೆ ಗುರಿಗೆ ಬೇಗ ವಾಪಸ್ ಬರಬಹುದು, ಹೊಸಬರಿಗೆ ಕಲಿಸುವುದು ಸುಲಭ. ಸೋವಿಯತ್ ಒಕ್ಕೂಟವೂ ಇದನ್ನೇ ಕಂಡು 1974ರಲ್ಲಿ ಎಕೆ-74ರ ಜೊತೆ 5.45 ಮಿ.ಮೀ.ಗೆ ಇಳಿಯಿತು.

ಆಮೇಲೆ ಅಫ್ಘಾನಿಸ್ತಾನ ಬಂತು. ಬೆಟ್ಟದ ಈ ಬದಿಯಿಂದ ಆ ಬದಿಗೆ ಕಾದಾಟ. ಎದುರಾಳಿ 500 ಮೀಟರ್ ಆಚೆ ಮೆಷಿನ್‌ಗನ್ ಇಟ್ಟು ಕೂತರೆ ಸಣ್ಣ ಗುಂಡು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸೊರಗಿರುತ್ತದೆ. ಇದರ ಜೊತೆಗೆ ಎದೆಗವಚಗಳು ಗಟ್ಟಿಯಾಗುತ್ತಾ ಬಂದವು. ಎರಡೂ ಸೇರಿ 6.8 ಮಿ.ಮೀ. ಗುಂಡಿನ ಎಂ7 ಹುಟ್ಟಿತು.

ಭಾರತೀಯ ಸೇನೆಯೂ ಇದೇ ದಾರಿಯಲ್ಲಿ ಹೋಗಿ ಬಂದಿದೆ. 7.62ರ ಎಸ್‌ಎಲ್‌ಆರ್ ಬಿಟ್ಟು 1990ರ ದಶಕದಲ್ಲಿ 5.56ರ ಇನ್ಸಾಸ್ ಹಿಡಿದರು. 2019ರಲ್ಲಿ ಅಮೆರಿಕದಿಂದ 72,400 ಸಿಗ್ 716 ರೈಫಲ್ಲುಗಳಿಗೆ ಒಪ್ಪಂದವಾಯಿತು. ಅದು ಮತ್ತೆ ಅದೇ 7.62, ಉದ್ದ ಕಾಡತೂಸಿನದು. 2021ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಎಕೆ-203ಗಳಿಗೆ ಸಹಿ ಬಿತ್ತು. ಅದೂ 7.62, ಆದರೆ ಗಿಡ್ಡ ಕಾಡತೂಸು. ಇದನ್ನು ನೋಡಿ ಇನ್ಸಾಸ್ ಕೆಟ್ಟದ್ದು ಅಂದುಬಿಡುವುದು ಸುಲಭ. ಅದರ ಮೇಲಿನ ದೂರುಗಳಲ್ಲಿ ಕೆಲವು ಗುಂಡಿನ ಗಾತ್ರದ್ದು, ಕೆಲವು ತಯಾರಿಕೆಯ ಗುಣಮಟ್ಟದ್ದು. ಎರಡನ್ನೂ ಒಂದೇ ಮೂಟೆಗೆ ಕಟ್ಟಬಾರದು.

ದೊಡ್ಡದು ಸರಿಯೋ ಸಣ್ಣದು ಸರಿಯೋ ಅಂತ ಕೇಳಿದರೆ, ಎಲ್ಲಿ ಕಾದಾಡುತ್ತೀರಿ ಅಂತ ನಾನು ತಿರುಗಿ ಕೇಳಬೇಕಾಗುತ್ತದೆ. ಊರು ಕೇರಿಗಳ ನಡುವೆ ಆದರೆ ನನ್ನ ಮತ ಸಣ್ಣದಕ್ಕೆ.

ಪ್ರಶ್ನೆ: ವಿಯೆಟ್ನಾಂನಲ್ಲಿ ಎಂ16 ಕೈಕೊಟ್ಟಿತು, ಎಕೆ-47 ಕೆಸರಲ್ಲಿ ಹೂತರೂ ಓಡುತ್ತಿತ್ತು. ಹಳೆಯ ಸರಳ ವಿನ್ಯಾಸವೇ ಗಟ್ಟಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈ ಕಥೆಯಲ್ಲಿ ಅರ್ಧ ನಿಜ ಇದೆ. ಆ ಅರ್ಧವನ್ನೇ ಹಿಡಿದು ಐವತ್ತು ವರ್ಷದಿಂದ ಜಗ್ಗಾಡುತ್ತಿದ್ದಾರೆ.

ಎಂ16 ಮೊದಮೊದಲು ಕೈಕೊಟ್ಟಿದ್ದು ನಿಜ. ಸೈನಿಕರು ಸತ್ತಿದ್ದೂ ನಿಜ. ಖಾಲಿ ಹಿತ್ತಾಳೆ ಕೊಳವೆ ನಳಿಕೆಯ ಬುಡದಲ್ಲೇ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ಮುಂದಿನಿಂದ ಕಡ್ಡಿ ತೂರಿಸಿ ಕುಟ್ಟಿ ತೆಗೆಯಬೇಕಿತ್ತು, ಅದೂ ಎದುರಿಂದ ಗುಂಡು ಬರುತ್ತಿರುವಾಗ. ಆದರೆ ಕಾರಣ ಏನು? ಸ್ಟೋನರ್ ತನ್ನ ಬಂದೂಕನ್ನು ಒಂದು ಬಗೆಯ ಮದ್ದಿಗೆ ಹೊಂದಿಸಿ ಮಾಡಿದ್ದರು. ಸೇನೆ ಅದನ್ನು ಬದಲಿಸಿ ಬೇರೆ ಮದ್ದು ತುಂಬಿಸಿತು. ಅದು ಜಾಸ್ತಿ ಮಸಿ ಬಿಡುತ್ತಿತ್ತು, ಬಂದೂಕಿನ ಯಂತ್ರ ಓಡುವ ವೇಗವನ್ನೂ ಹೆಚ್ಚಿಸಿತು. ನಳಿಕೆಯ ಒಳಗೆ ಕ್ರೋಮ್ ಲೇಪ ಇರಲಿಲ್ಲ, ಆ ಹವೆಗೆ ತುಕ್ಕು ಹಿಡಿಯಿತು. ಇಷ್ಟರ ಮೇಲೆ ಇದಕ್ಕೆ ಶುಚಿ ಮಾಡುವ ಗೋಜೇ ಬೇಡ ಎಂಬ ಮಾತು ಹಬ್ಬಿತ್ತು, ಶುಚಿ ಮಾಡುವ ಸಾಮಾನನ್ನೂ ಸರಿಯಾಗಿ ಕೊಡಲಿಲ್ಲ. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿ ಇದನ್ನೆಲ್ಲ ಕೆದಕಿ ಸೇನೆಯನ್ನು ತರಾಟೆಗೆ ತೆಗೆದುಕೊಂಡಿತು. ಕ್ರೋಮ್ ಲೇಪ ಹಾಕಿದರು, ಶುಚಿಯ ಸಾಮಾನು ಕೊಟ್ಟರು, ಹೇಗೆ ನೋಡಿಕೊಳ್ಳಬೇಕು ಅಂತ ಕಲಿಸಿದರು. ಅದೇ ವಿನ್ಯಾಸ ಆಮೇಲೆ ದಶಕಗಟ್ಟಲೆ ಓಡಿತು, ಗಿಡ್ಡ ರೂಪದ ಎಂ4 ಆಗಿ ಇನ್ನೂ ಓಡುತ್ತಿದೆ.

ಎಕೆಯ ಕಡೆ ಬನ್ನಿ. ಒಳಗಿನ ಭಾಗಗಳ ನಡುವೆ ಸಡಿಲ ಜಾಸ್ತಿ, ಪಿಸ್ಟನ್ ಭಾರ, ಕಾಡತೂಸು ತುದಿಯತ್ತ ಕಿರಿದಾಗುತ್ತಾ ಹೋಗುವುದರಿಂದ ಸಲೀಸಾಗಿ ಹೊರಬರುತ್ತದೆ. ಮಸಿ, ಧೂಳು, ಅರೆಬರೆ ತಯಾರಿಕೆ ಎಲ್ಲವನ್ನೂ ಅದು ತಾಳುತ್ತದೆ. ಒಪ್ಪೋಣ. ಆದರೆ ಗಟ್ಟಿ ಕೆಸರು ಮಾತ್ರ ಬೇರೆ ಲೆಕ್ಕ. ಎಕೆಯ ಸೇಫ್ಟಿ ಕೆಳಗಿಳಿಸಿದರೆ ಪಕ್ಕದಲ್ಲಿ ಉದ್ದಕ್ಕೆ ಬಿರುಕು ತೆರೆದುಕೊಳ್ಳುತ್ತದೆ, ಅಲ್ಲಿಂದ ಕೆಸರು ನೇರ ಒಳಕ್ಕೆ. ಎಆರ್ ಮಾದರಿಯದು ಎಲ್ಲ ಕಡೆ ಬಿಗಿಯಾಗಿ ಮುಚ್ಚಿಕೊಂಡಿರುವುದರಿಂದ ಕೆಸರು ಹೊರಗೇ ಉಳಿಯುತ್ತದೆ. ಅಂತರ್ಜಾಲದಲ್ಲಿ ಕೆಸರಿನ ಪರೀಕ್ಷೆಗಳ ವಿಡಿಯೋ ಎಷ್ಟು ಬೇಕಾದರೂ ಇವೆ, ನೋಡಿದರೆ ಆಶ್ಚರ್ಯ ಆಗಬಹುದು.

ಇನ್ನು "ಸರಳ ಎಕೆ" ಕೂಡ ಮೊದಲ ದಿನವೇ ಸರಿ ಇರಲಿಲ್ಲ. ತಗಡು ಒತ್ತಿ ಮೈ ಮಾಡಲು ಹೊರಟು, ಅದು ಸರಿಬರದೆ, ಉಕ್ಕಿನ ಗಟ್ಟಿಯನ್ನೇ ಕೊರೆದು ಮಾಡುವ ದಾರಿಗೆ ಹೋದರು. 1959ರ ಎಕೆಎಂನಲ್ಲಿ ತಗಡಿನ ಕೆಲಸ ಕೊನೆಗೂ ಕೈಗೆ ಹತ್ತಿತು, ತೂಕವೂ ಇಳಿಯಿತು. ಜನ ಎಕೆ-47 ಅಂತ ಕರೆಯುವ ಬಂದೂಕುಗಳಲ್ಲಿ ಬಹಳಷ್ಟು ಈ ಎಕೆಎಂ ಅಥವಾ ಅದರ ನಕಲುಗಳು. ಹಳೆಯದನ್ನು ಹೊಗಳುವವರು ಅದರ ಸುಧಾರಿಸಿದ ಆವೃತ್ತಿಯನ್ನೇ ಹೊಗಳುತ್ತಿರುತ್ತಾರೆ.

ಪ್ರಶ್ನೆ: ಹಾಗಾದರೆ ಪರೀಕ್ಷೆ ಮಾಡಿ ಅಂಕಿ ಅಂಶದಲ್ಲೇ ತೀರ್ಮಾನ ಮಾಡಬಹುದಲ್ಲ?

ಮಾಡಿದ್ದಾರೆ. 2007ರಲ್ಲಿ ಅಮೆರಿಕದ ಸೇನೆ ನಾಲ್ಕು ಮಾದರಿಗಳನ್ನು ಧೂಳಿನ ಕೋಣೆಯಲ್ಲಿ ಹಾಕಿ, ಒಂದೊಂದು ಮಾದರಿಯಿಂದ 60,000 ಗುಂಡು ಹಾರಿಸಿತು. ಹಳೆಯ ಎಂ4 882 ಸಲ ತಡೆದು ನಿಂತಿತು. ಎಚ್‌ಕೆ416 233 ಸಲ, ಸ್ಕಾರ್ 226 ಸಲ, ಎಕ್ಸ್‌ಎಂ8 ಬರೀ 127 ಸಲ.

ಹೊಸವು ಗೆದ್ದವು, ಅಲ್ವಾ? ಸ್ವಲ್ಪ ತಾಳಿ. ಆ 882ರಲ್ಲಿ 239 ಮ್ಯಾಗಜೀನಿನ (ಗುಂಡು ತುಂಬಿಸುವ ಪೆಟ್ಟಿಗೆಯ) ತಪ್ಪು, ಬಂದೂಕಿನದಲ್ಲ. ಅದೇ ವರ್ಷ ಅದಕ್ಕೆ ಮುಂಚೆ ನಡೆದ ಇಂಥದ್ದೇ ಪರೀಕ್ಷೆಯಲ್ಲಿ ಇದೇ ಎಂ4 307 ಸಲ ಮಾತ್ರ ನಿಂತಿತ್ತು. ಒಂದೇ ಬಂದೂಕು, ಒಂದೇ ವರ್ಷ, ಫಲಿತಾಂಶದಲ್ಲಿ ಎರಡೂವರೆ ಪಟ್ಟಿಗಿಂತ ಜಾಸ್ತಿ ಅಂತರ. ಇಷ್ಟಾಗಿಯೂ 882 ಅಂದರೆ ನೂರು ಗುಂಡಿಗೆ ಒಂದೂವರೆ ಸಲ. ಮೊದಲ ಸ್ಥಾನ ಪಡೆದ ಎಕ್ಸ್‌ಎಂ8 ಯೋಜನೆಯನ್ನು 2005ರಲ್ಲೇ ಕೈಬಿಟ್ಟಾಗಿತ್ತು, ಅದನ್ನು ನೆನೆದರೆ ನಗು ಬರುತ್ತದೆ.

ಪಿಸ್ಟನ್ ಇರುವ ಹೊಸ ಮಾದರಿಗಳು ಧೂಳಿನಲ್ಲಿ ಎಂ4ಗಿಂತ ಮೇಲು ಅಂತ ನಾನು ಒಪ್ಪುತ್ತೇನೆ. ಆದರೆ ಆ ಅಂತರಕ್ಕಾಗಿ ಇಡೀ ಸೇನೆಯ ಬಂದೂಕು ಬದಲಿಸಬೇಕಾ ಎಂದರೆ ಅಮೆರಿಕನ್ನರೇ ಬೇಡ ಅಂದರು. ಎಂ4ಗೆ ಬದಲಿ ಹುಡುಕಲು ಇನ್ನೊಂದು ಸ್ಪರ್ಧೆ ನಡೆಸಿ, 2013ರಲ್ಲಿ ಯಾರನ್ನೂ ಆರಿಸದೆ ಮುಚ್ಚಿದರು. ಮ್ಯಾಗಜೀನು ಮತ್ತು ಗುಂಡುಗಳನ್ನು ಸುಧಾರಿಸಿಕೊಂಡು ಅದರಲ್ಲೇ ಮುಂದುವರಿದರು.

ಪ್ರಶ್ನೆ: ಮೂರು ಮೂರು ಗುಂಡು ಹಾರಿಸುವ ವ್ಯವಸ್ಥೆ ದೊಡ್ಡ ಸುಧಾರಣೆ ಅಂತ ಓದಿದ್ದೆ. ಈಗ ಯಾಕೆ ಕಾಣುತ್ತಿಲ್ಲ?

ಯಾಕಂದರೆ ಅದು ಸೈನಿಕನಿಗೆ ಕಲಿಸಬೇಕಾದದ್ದನ್ನು ಹಲ್ಲುಚಕ್ರಕ್ಕೆ ಕಲಿಸುವ ಪ್ರಯತ್ನ. ಎಂ16ಎ2ಗೆ ಹಾಕಿದರು, ಎಂ4ಎ1ರಲ್ಲಿ ತೆಗೆದರು. ರಷ್ಯಾದ ಎಕೆ-12ರಲ್ಲಿ ಎರಡು ಗುಂಡಿನದು ಇತ್ತು, 2023ರ ಆವೃತ್ತಿಯಲ್ಲಿ ತೆಗೆದರು. ಮುಗಿಯಿತು ಅದರ ಕಥೆ.

ಪ್ರಶ್ನೆ: ಮ್ಯಾಗಜೀನು ಟ್ರಿಗರ್‌ಗಿಂತ ಹಿಂದೆ ಇರುವ ಬುಲ್‌ಪಪ್ ರೈಫಲ್ಲುಗಳೇ ಭವಿಷ್ಯ ಅಂತ 1980ರ ದಶಕದಲ್ಲಿ ಎಲ್ಲರೂ ಹೇಳುತ್ತಿದ್ದರು. ಏನಾಯಿತು?

ಕಾಗದದ ಮೇಲೆ ಅದಕ್ಕಿಂತ ಚೆಂದದ ವಿಚಾರ ಇಲ್ಲ. ಬ್ರಿಟನ್ನಿನ ಎಲ್85 (ಆಗಲೇ ಹೇಳಿದ ಎಸ್‌ಎ80 ಬಳಗದ್ದು) ಒಟ್ಟು ಉದ್ದ 785 ಮಿ.ಮೀ., ಅದರಲ್ಲಿ ನಳಿಕೆಯೇ 518. ಎಂ16ಎ2ರ ನಳಿಕೆ 508, ಆದರೆ ಬಂದೂಕಿನ ಉದ್ದ ಒಂದು ಮೀಟರ್ ದಾಟುತ್ತದೆ. ಗುಂಡಿನ ವೇಗ ಕಳೆದುಕೊಳ್ಳದೆ ಒಂದು ಗೇಣು ಉಳಿಸಿದ ಹಾಗಾಯಿತು. ವಾಹನದಿಂದ ಇಳಿಯುವಾಗ, ಬಾಗಿಲು ತಿರುಗುವಾಗ ಅದು ದೊಡ್ಡ ಅನುಕೂಲ.

ಕೈಗೆ ಬಂದಾಗ ಬೇರೆ ಲೆಕ್ಕಗಳು ಎದ್ದವು. ಟ್ರಿಗರ್ ಮುಂದೆ, ಯಂತ್ರ ಹಿಂದೆ, ನಡುವೆ ಉದ್ದದ ಸರಳು, ಹಾಗಾಗಿ ಒತ್ತುವಾಗ ಬೆರಳಿಗೆ ಸ್ಪಷ್ಟತೆ ಸಿಗುವುದಿಲ್ಲ. ಖಾಲಿ ಕೊಳವೆ ಕೆನ್ನೆಯ ಪಕ್ಕದಲ್ಲೇ ಹೊರಬೀಳುತ್ತದೆ, ಎಡಗೈಯವನಿಗೆ ನೇರ ಮುಖಕ್ಕೆ. ಮ್ಯಾಗಜೀನ್ ಬದಲಿಸಬೇಕೆಂದರೆ ಕೈಯನ್ನು ಕಂಕುಳ ಬಳಿಗೆ ತರಬೇಕು. ಎಲ್85ಗೆ ಇವೆಲ್ಲದರ ಜೊತೆ ತಯಾರಿಕೆಯ ದೋಷಗಳೂ ಸೇರಿದವು. 1985ರಲ್ಲಿ ಬಂದದ್ದನ್ನು ಹದಿನೈದು ವರ್ಷದ ಮೇಲೆ ಜರ್ಮನ್ ಕಂಪನಿಗೆ ಕಳಿಸಿ, ಸುಮಾರು 9.2 ಕೋಟಿ ಪೌಂಡ್ ಖರ್ಚು ಮಾಡಿ ರಿಪೇರಿ ಮಾಡಿಸಬೇಕಾಯಿತು. ರಿಪೇರಿ ಆದ ಮೇಲೆ ಅದು ಚೆನ್ನಾಗಿಯೇ ಓಡಿತು, ಆದರೆ ಹೆಸರು ಕೆಟ್ಟಾಗಿತ್ತು.

ಬುಲ್‌ಪಪ್‌ಗೆ ಕೊನೆಯ ಪೆಟ್ಟು ಕೊಟ್ಟಿದ್ದು ಗಿಡ್ಡ ನಳಿಕೆಯಲ್ಲೂ ಕೆಲಸ ಮಾಡುವ ಒಳ್ಳೆಯ ಗುಂಡು ಮತ್ತು ಹಿಂದೆಮುಂದೆ ಸರಿಯುವ ಬಟ್ಟು (ಭುಜಕ್ಕೆ ಒತ್ತಿ ಹಿಡಿಯುವ ಹಿಂಭಾಗ). ಇವೆರಡು ಇದ್ದರೆ ಮಾಮೂಲಿ ರೈಫಲ್ಲೇ ಸಾಕಷ್ಟು ಗಿಡ್ಡ. ಫ್ರಾನ್ಸ್ ತನ್ನ ಫಾಮಾಸ್ ಬಿಟ್ಟಿತು, ನ್ಯೂಜಿಲೆಂಡ್ ಆಸ್ಟ್ರಿಯಾದ ಎಯುಜಿ ಬಿಟ್ಟಿತು, ಚೀನಾ ಕ್ಯೂಬಿಜೆಡ್-95 ಬಿಟ್ಟು 191ಕ್ಕೆ ಬಂತು. ಆಸ್ಟ್ರೇಲಿಯಾದಂಥ ಕೆಲವರು ಇನ್ನೂ ಅದರಲ್ಲೇ ಇದ್ದಾರೆ, ಅವರಿಗೆ ದೂರೇನೂ ಇದ್ದಂತಿಲ್ಲ.

ಪ್ರಶ್ನೆ: ಜರ್ಮನಿಯ ಜಿ36 ಬಿಸಿಯಾದರೆ ಕರಗಿ ಗುರಿ ತಪ್ಪುತ್ತಿತ್ತಂತೆ. ಪ್ಲಾಸ್ಟಿಕ್ ಬಂದೂಕು ಮಾಡಿದರೆ ಇನ್ನೇನಾಗುತ್ತೆ?

ಕರಗಲಿಲ್ಲ. ತುಂಬ ಗುಂಡು ಹಾರಿಸಿ ಬಿಸಿಯಾದಾಗ ಗುಂಡು ಬೀಳುವ ಜಾಗ ಸರಿಯುತ್ತಿತ್ತು ಎಂಬುದು ಆರೋಪ. 2015ರಲ್ಲಿ ಆಗಿನ ರಕ್ಷಣಾ ಸಚಿವೆ ಉರ್ಸುಲಾ ವಾನ್ ಡೆರ್ ಲೆಯೆನ್ ಈಗಿರುವ ರೂಪದಲ್ಲಿ ಈ ಬಂದೂಕಿಗೆ ಭವಿಷ್ಯ ಇಲ್ಲ ಅಂದರು. ಕಂಪನಿ ಒಪ್ಪಲಿಲ್ಲ. 2016ರಲ್ಲಿ ಕೊಬ್ಲೆಂಜ್ ನ್ಯಾಯಾಲಯ ಕಂಪನಿಯ ಪರವಾಗಿ ತೀರ್ಪು ಕೊಟ್ಟಿತು. ಈ ಬಂದೂಕಿನ ದೋಷದಿಂದ ಸೈನಿಕರು ಸತ್ತಿದ್ದಕ್ಕೆ ಪುರಾವೆ ಇಲ್ಲ ಎಂದು ಪರಿಶೀಲನಾ ಸಮಿತಿಯೂ ಹೇಳಿತು.

1997ರಲ್ಲಿ ಜಿ36 ಸೇನೆಗೆ ಬಂದಾಗ ಹಗುರ ಬೇಕು, ಅಗ್ಗ ಬೇಕು ಅನ್ನುವ ಕಾಲ. ಶೀತಲ ಸಮರ ಮುಗಿದಿತ್ತು. ಒಂದೇ ಕಾದಾಟದಲ್ಲಿ ಮ್ಯಾಗಜೀನ್ ಮೇಲೆ ಮ್ಯಾಗಜೀನ್ ಖಾಲಿ ಮಾಡುವ ಅಫ್ಘಾನಿಸ್ತಾನ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಳಿಕೆ ತೆಳ್ಳಗೆ ಮಾಡಿ, ಮೈಯನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ತೂಕ ಉಳಿಸಿದರೆ ಆ ಉಳಿತಾಯದ ಬೆಲೆಯನ್ನು ಶಾಖದ ಕಡೆ ತೆರಬೇಕು. ಮೊದಲೇ ಗೊತ್ತಿದ್ದ ವ್ಯಾಪಾರ ಇದು, ಪ್ಲಾಸ್ಟಿಕ್ಕನ್ನು ಬೈದು ಪ್ರಯೋಜನ ಇಲ್ಲ. ಎಯುಜಿಯ ಹೊರಮೈ 1970ರ ದಶಕದಿಂದ ಪ್ಲಾಸ್ಟಿಕ್ಕೇ, ಅದರ ಬಗ್ಗೆ ಇಂಥ ಗಲಾಟೆ ಆಗಲಿಲ್ಲ.

ಪ್ರಶ್ನೆ: ಇದೆಲ್ಲ ಚಿಕ್ಕಪುಟ್ಟ ರಿಪೇರಿ. ನಿಜವಾದ ಕ್ರಾಂತಿಕಾರಿ ರೈಫಲ್ ಯಾರೂ ಮಾಡಲೇ ಇಲ್ಲವಾ?

ಮಾಡಿದರು, ಮತ್ತೆ ಮತ್ತೆ ಮಾಡಿದರು. ನನಗೆ ತುಂಬ ಇಷ್ಟದ ಅಧ್ಯಾಯ ಇದು.

ಜರ್ಮನಿಯ ಜಿ11 ನೋಡಿ. ಹಿತ್ತಾಳೆ ಕೊಳವೆಯೇ ಇಲ್ಲದ ಕಾಡತೂಸು. ಮದ್ದನ್ನೇ ಒತ್ತಿ ಚೌಕದ ಇಟ್ಟಿಗೆ ಮಾಡಿ, ಅದರೊಳಗೆ 4.73 ಮಿ.ಮೀ. ಗುಂಡು ಹುದುಗಿಸಿದ್ದರು. ಹಾರಿದ ಮೇಲೆ ಹೊರಗೆಸೆಯಲು ಏನೂ ಉಳಿಯುವುದಿಲ್ಲ. ಮೂರು ಗುಂಡುಗಳು ನಿಮಿಷಕ್ಕೆ ಎರಡು ಸಾವಿರಕ್ಕೂ ಮೀರಿದ ವೇಗದಲ್ಲಿ ಹೊರಬೀಳುತ್ತಿದ್ದವು, ಒದೆತ ಭುಜಕ್ಕೆ ಮುಟ್ಟುವ ಮೊದಲೇ ಮೂರನೆಯದು ನಳಿಕೆ ದಾಟಿರುತ್ತಿತ್ತು. ಇಲ್ಲೊಂದು ತೊಡಕು. ಮಾಮೂಲಿ ಬಂದೂಕಿನಲ್ಲಿ ಹಿತ್ತಾಳೆ ಕೊಳವೆ ಹೊರಬೀಳುವಾಗ ತನ್ನ ಜೊತೆ ಒಂದಷ್ಟು ಶಾಖವನ್ನೂ ಹೊತ್ತೊಯ್ಯುತ್ತದೆ. ಕೊಳವೆ ಇಲ್ಲದಿದ್ದರೆ ಶಾಖ ಒಳಗೇ ಉಳಿಯುತ್ತದೆ, ಬಿಸಿಗೆ ಮದ್ದು ತಾನಾಗಿ ಹೊತ್ತಿಕೊಳ್ಳುತ್ತದೆ. ಹೆಚ್ಚು ಬಿಸಿ ತಾಳುವ ಬೇರೆ ಬಗೆಯ ಮದ್ದು ಕಂಡುಹಿಡಿದು ಅದನ್ನೂ ಗೆದ್ದರು ಅನ್ನಿ. ಅಷ್ಟರಲ್ಲಿ ಬರ್ಲಿನ್ ಗೋಡೆ ಬಿತ್ತು, ಎರಡು ಜರ್ಮನಿಗಳು ಒಂದಾದವು, ಖಜಾನೆಗೆ ಬೇರೆ ಖರ್ಚು ಬಂತು. ಜಿ11 ಗೋದಾಮು ಸೇರಿತು.

ಅಮೆರಿಕದಲ್ಲಿ 1986ರಿಂದ 1990ರ ತನಕ ಇನ್ನೊಂದು ಯೋಜನೆ ನಡೆಯಿತು. ಎಂ16ಎ2ಗಿಂತ ನೂರಕ್ಕೆ ನೂರು ಹೆಚ್ಚು ಗುರಿ ತಾಗಿಸುವ ರೈಫಲ್ ತನ್ನಿ ಎಂಬುದು ಷರತ್ತು. ಜಿ11 ಬಂತು, ಗುಂಡಿನ ಬದಲು ಉಕ್ಕಿನ ಸಣ್ಣ ಬಾಣ ಹಾರಿಸುವ ಎರಡು ಬಂದೂಕುಗಳು ಬಂದವು, ಕೋಲ್ಟ್ ಕಂಪನಿ ಎಂ16ಗೇ ದುರ್ಬೀನು ಕೂರಿಸಿ, ಒಂದೇ ಕಾಡತೂಸಿನಲ್ಲಿ ಎರಡು ಗುಂಡು ಇಟ್ಟು ತಂದಿತು. ಒಂದೂ ಷರತ್ತು ಮುಟ್ಟಲಿಲ್ಲ. ಒತ್ತಡದಲ್ಲಿರುವ ಸೈನಿಕ ಮಾಡುವ ತಪ್ಪು ಬಂದೂಕಿನ ತಪ್ಪಿಗಿಂತ ಎಷ್ಟೋ ಪಾಲು ದೊಡ್ಡದು. ಬಂದೂಕಿನ ಪಾಲನ್ನು ಸೊನ್ನೆ ಮಾಡಿದರೂ ಒಟ್ಟು ಲೆಕ್ಕ ಅಲುಗುವುದಿಲ್ಲ.

ಆಮೇಲೆ ಎಕ್ಸ್‌ಎಂ29 ಬಂತು. ಕೆಳಗೆ 5.56 ರೈಫಲ್, ಮೇಲೆ ಶತ್ರುವಿನ ತಲೆಯ ಮೇಲೆ ಗಾಳಿಯಲ್ಲೇ ಸಿಡಿಯುವ 20 ಮಿ.ಮೀ. ಗ್ರೆನೇಡ್, ಜೊತೆಗೆ ಕಂಪ್ಯೂಟರ್. ಗುಂಡು ತುಂಬಿದರೆ ಎಂಟು ಕಿಲೋ ಆಸುಪಾಸು. ಅದನ್ನು ಹೊತ್ತು ಯಾರು ಓಡುತ್ತಾರೆ? ಕೈಬಿಟ್ಟರು.

ಪ್ರಶ್ನೆ: ಹಾಗಾದರೆ 1960ರ ರೈಫಲ್ ಕೊಟ್ಟರೆ ಇವತ್ತಿನ ಸೈನಿಕ ಅಷ್ಟೇ ಚೆನ್ನಾಗಿ ಕಾದಾಡುತ್ತಾನಾ? ನಿಮ್ಮ ಮಾತಿನ ಅರ್ಥ ಹಾಗೇ ಆಗುತ್ತದೆ.

ಆಗುವುದಿಲ್ಲ. ಮೊದಲೇ ಹೇಳಿದೆನಲ್ಲ, ಸುಧಾರಣೆ ಆಗಿರುವುದು ಬೇರೆ ಜಾಗದಲ್ಲಿ ಅಂತ. ಆ ಜಾಗ ಕಣ್ಣು.

ಹಳೆಯ ಬಂದೂಕಿನಲ್ಲಿ ಗುರಿ ಇಡುವುದೆಂದರೆ ಹಿಂದಿನ ಕಿಂಡಿ, ಮುಂದಿನ ಮೊಳೆ, ದೂರದ ಗುರಿ, ಈ ಮೂರನ್ನೂ ಒಂದೇ ಗೆರೆಗೆ ತರಬೇಕು. ನಮ್ಮ ಕಣ್ಣು ಒಂದು ಸಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ನೋಡುತ್ತದೆ. ಮೊಳೆ ನೋಡಿದರೆ ಗುರಿ ಮಸುಕು, ಗುರಿ ನೋಡಿದರೆ ಮೊಳೆ ಮಸುಕು. ಎಷ್ಟೇ ತರಬೇತಿ ಕೊಟ್ಟರೂ ಇದು ಬದಲಾಗುವುದಿಲ್ಲ. ಕೆಂಪು ಚುಕ್ಕೆಯ ಸೈಟು (ಬಂದೂಕಿನ ಮೇಲೆ ಕೂರಿಸುವ ಗುರಿಸಾಧನ) ಇದನ್ನು ಒಂದೇ ಏಟಿಗೆ ಪರಿಹರಿಸಿತು. ಚುಕ್ಕೆ ಕಣ್ಣಿಗೆ ತುಂಬ ದೂರದಲ್ಲಿ ಇರುವಂತೆ ಕಾಣುತ್ತದೆ, ಗುರಿಯ ಜೊತೆಗೇ ಸ್ಪಷ್ಟವಾಗಿರುತ್ತದೆ, ಎರಡೂ ಕಣ್ಣು ತೆರೆದಿಟ್ಟುಕೊಂಡು ಚುಕ್ಕೆಯನ್ನು ಗುರಿಯ ಮೇಲೆ ಇಟ್ಟರೆ ಮುಗಿಯಿತು. ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿ 1970ರ ದಶಕದಲ್ಲೇ ಇದನ್ನು ಶುರು ಮಾಡಿತು. ಆದರೆ ಸೈನಿಕ ಬಳಸುವಂತಾಗಲು ಬ್ಯಾಟರಿ ಸುಧಾರಿಸಬೇಕಿತ್ತು. ಅವರ ಕಾಂಪ್ ಎಂ4 ಒಂದೇ ಬ್ಯಾಟರಿಯಲ್ಲಿ 80,000 ಗಂಟೆ ಉರಿಯುತ್ತದೆ ಅನ್ನುತ್ತಾರೆ, ಅಂದರೆ ಆರಿಸದೇ ಇಟ್ಟರೂ ಒಂಬತ್ತು ವರ್ಷ. ದೂರಕ್ಕೆ ನಾಲ್ಕು ಪಟ್ಟು ಹಿಗ್ಗಿಸಿ ತೋರಿಸುವ ಗಟ್ಟಿಮುಟ್ಟಾದ ದುರ್ಬೀನು ಬಂತು. ಅದರಿಂದ ಗುರಿ ತಾಗುವುದಷ್ಟೇ ಅಲ್ಲ, ಎದುರಿಗಿರುವವನ ಕೈಯಲ್ಲಿ ಬಂದೂಕಿದೆಯೋ ಗುದ್ದಲಿಯೋ ಅನ್ನುವುದು ಗುಂಡು ಹಾರಿಸುವ ಮೊದಲೇ ಗೊತ್ತಾಗುತ್ತದೆ. ಇದರ ಬೆಲೆ ಕಟ್ಟುವುದು ಹೇಗೆ?

ಈಗ ರೈಫಲ್ ವಿನ್ಯಾಸಕ್ಕೆ ವಾಪಸ್ ಬನ್ನಿ. ಈ ಸೈಟು ಕೂರಿಸಲು ಅಲುಗದ ಜಾಗ ಬೇಕು. ಎಕೆ ಮತ್ತು ಬೆಲ್ಜಿಯಂನ ಎಫ್‌ಎಎಲ್‌ನ ಮೇಲ್ಭಾಗದಲ್ಲಿರುವುದು ಶುಚಿ ಮಾಡಲು ತೆಗೆಯುವ ತೆಳು ತಗಡಿನ ಮುಚ್ಚಳ. ಅದರ ಮೇಲೆ ಏನು ಕೂರಿಸಿದರೂ ಗುರಿ ಅಲ್ಲಾಡುತ್ತದೆ. ಎಂ16ರ ಮೇಲ್ಭಾಗ ಗಟ್ಟಿ. ಅಲ್ಲಿದ್ದ ಎತ್ತಿಕೊಳ್ಳುವ ಹಿಡಿಯನ್ನು ಕತ್ತರಿಸಿ ತೆಗೆದು ಅಲ್ಲಿ ಹಲ್ಲುಹಲ್ಲಿನ ಪಟ್ಟಿ ಹಾಕಿದರೆ ಆಯಿತು, ಅಮೆರಿಕ ಆ ಪಟ್ಟಿಗೆ 1995ರಲ್ಲಿ ಒಂದು ಅಳತೆಯನ್ನೂ ಗೊತ್ತುಮಾಡಿತು. ಎಕೆ-12, ಎಕೆ-203ಗಳಲ್ಲಿ ಮುಚ್ಚಳವನ್ನು ಬಿಗಿಮಾಡಿ ಅದರ ಮೇಲೆ ಪಟ್ಟಿ ತಂದಿರುವುದು ಇದಕ್ಕೇ. ಒಳಗೆ ಓಡುವ ಯಂತ್ರ ಹಳೆಯ ಎಕೆಯದ್ದೇ, ಆದರೆ ನನಗೆ ಅವು ನಿಜವಾದ ಸುಧಾರಣೆ. ಸೈನಿಕನ ಮೈಕಟ್ಟಿಗೆ ಹೊಂದುವ ಬಟ್ಟು, ಎರಡೂ ಕೈಗೆ ಎಟುಕುವ ಒತ್ತುಗುಂಡಿಗಳು, ಹೆಚ್ಚು ಬಾಳುವ ನಳಿಕೆ ಇವನ್ನೂ ಲೆಕ್ಕಕ್ಕೆ ಸೇರಿಸಿ. ಸೈಲೆನ್ಸರನ್ನೂ ಸೇರಿಸಬಹುದು, ಕಿವಿ ಉಳಿಯುತ್ತದೆ, ಪಕ್ಕದವನ ಕೂಗು ಕೇಳಿಸುತ್ತದೆ. ಆದರೆ ಅದು ಹೊಗೆಯನ್ನು ಹಿಂದಕ್ಕೆ, ಮುಖದ ಕಡೆಗೆ ತಳ್ಳುತ್ತದೆ ಅನ್ನುವುದೂ ನೆನಪಿರಲಿ.

ಪ್ರಶ್ನೆ: ಒಂದು ಸೇನೆ ಯಾವಾಗ ರೈಫಲ್ ಬದಲಿಸಬೇಕು?

ಬಿಡಿಭಾಗ ಸಿಗದಿದ್ದಾಗ. ಫ್ರಾನ್ಸ್ ನೋಡಿ, ಫಾಮಾಸ್ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿತ್ತು, ಅದಕ್ಕೆ ಹೊಂದುವ ಉಕ್ಕಿನ ಕೊಳವೆಯ ಕಾಡತೂಸನ್ನು ದೇಶದೊಳಗೆ ಮಾಡುವುದೂ ನಿಂತಿತ್ತು. 2016ರಲ್ಲಿ ಎಚ್‌ಕೆ416 ಆರಿಸಿಕೊಂಡು ಒಂದು ಲಕ್ಷಕ್ಕೂ ಹೆಚ್ಚು ತರಿಸಲು ಹೊರಟರು. ಬೇರೆ ದಾರಿ ಇರಲಿಲ್ಲ. ಉಳಿದವರಿಗೆ ನಳಿಕೆ ಬದಲಿಸುವುದೇ ಅಗ್ಗ.

ಪ್ರಶ್ನೆ: ಕೊನೆಗೆ ಎಂ7 ಬಗ್ಗೆ ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಒಳ್ಳೆಯದೋ ಕೆಟ್ಟದ್ದೋ?

ಬಂದೂಕು ಒಳ್ಳೆಯದು. ಎಲ್ಲರ ಕೈಗೂ ಕೊಡುವುದು ನನಗೆ ಸರಿ ಕಾಣುವುದಿಲ್ಲ.

ಅದರ ಗುಂಡಿನಲ್ಲಿ ನಿಜವಾದ ಹೊಸತನ ಇದೆ. ಗಿಡ್ಡ ನಳಿಕೆಯಿಂದಲೇ ಭಾರೀ ವೇಗ ಬೇಕು ಅಂತ ಒಳಗಿನ ಒತ್ತಡವನ್ನು ಚದರ ಇಂಚಿಗೆ 80,000 ಪೌಂಡಿಗೆ ಏರಿಸಿದ್ದಾರೆ, ಎಂ4ರದ್ದು ಅರವತ್ತೆರಡು ಸಾವಿರದ ಆಸುಪಾಸು. ಬರೀ ಹಿತ್ತಾಳೆ ಅದನ್ನು ತಾಳುವುದಿಲ್ಲ, ಅದಕ್ಕೇ ಕೊಳವೆಯ ತಳವನ್ನು ಉಕ್ಕಿನಲ್ಲಿ ಮಾಡಿದ್ದಾರೆ. ಮೇಲಿರುವ ದುರ್ಬೀನಿನಲ್ಲಿ ಲೇಸರ್ ದೂರ ಅಳೆಯುತ್ತದೆ, ಕಂಪ್ಯೂಟರ್ ಎಲ್ಲಿಗೆ ಗುರಿ ಇಡಬೇಕು ಅಂತ ತೋರಿಸುತ್ತದೆ. ಇದನ್ನೆಲ್ಲ ನಾನು ಹಗುರವಾಗಿ ತೆಗೆದುಕೊಳ್ಳುತ್ತಿಲ್ಲ.

ಆದರೆ ತೂಕ ನೋಡಿ. ಅರವತ್ತರ ದಶಕದ ಎಂ16ಎ1 2.9 ಕಿಲೋ. ಎಂ7 3.8 ಕಿಲೋ, ಸೈಲೆನ್ಸರ್ ಹಾಕಿದರೆ 4.4ರ ಹತ್ತಿರ. 1936ರ ಗ್ಯಾರಂಡ್ 4.3 ಇತ್ತು. ದುರ್ಬೀನು, ಮ್ಯಾಗಜೀನು ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಎಂ4 ಹಿಡಿದವನು ಮೂವತ್ತರ ಏಳು ಮ್ಯಾಗಜೀನು, ಅಂದರೆ 210 ಗುಂಡು ಹೊರುತ್ತಿದ್ದ. ಎಂ7 ಹಿಡಿದವನದು ಇಪ್ಪತ್ತರ ಏಳು, 140 ಗುಂಡು, ಅಷ್ಟು ಕಡಿಮೆ ಮಾಡಿಯೂ ಹೊರೆ ಮೊದಲಿಗಿಂತ ಜಾಸ್ತಿ. 1952ರ ಆ ವರದಿ ಹೇಳಿದ್ದು ಈಗಲೂ ನಿಜವಾಗಿದ್ದರೆ, ಮನೆಯಿಂದ ಮನೆಗೆ ನುಗ್ಗುವ ಕಾದಾಟದಲ್ಲಿ ಆ 70 ಗುಂಡುಗಳು ಯಾರಿಗಾದರೂ ನೆನಪಾಗುತ್ತವೆ.

ನನಗೆ ಕೇಳಿದರೆ ಒಂಬತ್ತು ಜನರ ತುಕಡಿಯಲ್ಲಿ ಚೆನ್ನಾಗಿ ಗುರಿ ಹೊಡೆಯುವ ಇಬ್ಬರಿಗೆ ಎಂ7 ಕೊಡುತ್ತಿದ್ದೆ. ಉಳಿದವರಿಗೆ ಹಳೆಯ ಎಂ4, ಅದರ ಮೇಲೆ ಒಂದು ಒಳ್ಳೆಯ ದುರ್ಬೀನು. ಉಳಿದ ದುಡ್ಡಿಗೆ ತರಬೇತಿಯಲ್ಲಿ ಹಾರಿಸಲು ಗುಂಡು.